ಹಾಲುಬಣ್ಣದ ರಕ್ತ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ದಿನವೂ ಕಾಣಿಸಿಕೊಳ್ಳತೊಡಗಿತು. ಬೇಲೂರು ಹಳೇಬೀಡುಗಳ ಶಿಲ್ಪದಿಂದ ಬರುತ್ತಿದ್ದ ಹೆಸರು ಸಾವಿನ ಎಣಿಕೆಯಿಂದ ಬಂದಿತು. ಇನ್ನೂ ಸಂಸಾರ ಹೂಡುತ್ತಿದ್ದ ಪ್ರಾಯದವರು ನಿಂತಲ್ಲಿಯೇ ಕುಸಿದರೆಂಬ ಒಂದು ಸುದ್ದಿ ಆರುವ ಮೊದಲೇ ಇನ್ನೊಂದು ಬರುತ್ತಿತ್ತು. ಹೊಳೆನರಸೀಪುರದಲ್ಲಿ ಆ ದಿನಗಳಲ್ಲಿ ಇಬ್ಬರು ಕೂಡಿದರೆ ಮೂರನೆಯ ಮಾತಿಗೆ ಎದೆನೋವಿನ ಪ್ರಸ್ತಾಪ ಬಾರದೆ ಇರುತ್ತಿರಲಿಲ್ಲ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲುಗಟ್ಟಿದ ಜನರಲ್ಲಿ ನಮ್ಮ ಕಡೆಯವರೂ ಇದ್ದರು. ಜುಲೈ ತಿಂಗಳಿನಲ್ಲಿ ತಜ್ಞರ ವರದಿ ಹೊರಬಂದಿತು. ವಿಚಾರಣೆಗೆ ತೆಗೆದುಕೊಂಡ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ ನಾಲ್ಕಕ್ಕೆ ಬೇರೆ ಕಾರಣಗಳಿದ್ದವು ಎಂದೂ, ಆಟೋ ಟ್ಯಾಕ್ಸಿಗಳನ್ನು ಓಡಿಸುವವರು ಸತ್ತವರಲ್ಲಿ ಗಮನಿಸತಕ್ಕ ಸಂಖ್ಯೆಯಲ್ಲಿದ್ದರೆಂದೂ ಅದು ತಿಳಿಸಿತು. ಅಷ್ಟು ಹೊತ್ತಿಗೆ ಪತ್ರಿಕೆಗಳ ಗಮನ ಬೇರೆ ಕಡೆ ಹೊರಳಿತ್ತು. ಜನರ ಮನಸ್ಸಿನ ಅಳುಕು ಮಾತ್ರ ಹೊರಳಲಿಲ್ಲ.

ಆ ಅಳುಕಿನಿಂದ ಒಂದು ಉಪಕಾರವಾಯಿತೆಂಬುದನ್ನು ಒಪ್ಪಬೇಕು. ಜನ್ಮದಲ್ಲಿ ಸೂಜಿ ಚುಚ್ಚಿಸಿಕೊಳ್ಳದಿದ್ದವರೂ ರಕ್ತಪರೀಕ್ಷೆಗೆ ತೋಳು ಚಾಚಿದರು. ಪರೀಕ್ಷೆಯ ಕಾಗದ ಹಿಡಿದು ನನ್ನಂಥ ಮೇಷ್ಟರ ಬಳಿಗೂ ಬಂದವರುಂಟು. ಇಂಗ್ಲಿಷು ಬಲ್ಲವರೆಲ್ಲರೂ ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ಬಲ್ಲರೆಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ಹಾಗೆ ಬಂದ ಕಾಗದಗಳನ್ನು ನೋಡುತ್ತ ನಾನು ಒಂದು ವಿಷಯವನ್ನು ಗಮನಿಸಿದೆ. ಎಲ್ಲರ ಬೆರಳೂ ‘ಕೊಲೆಸ್ಟರಾಲ್’ ಎಂಬ ಸಾಲಿನ ಮೇಲೆ ನಿಲ್ಲುತ್ತದೆ. ಅದು ಇನ್ನೂರರ ಒಳಗಿದ್ದರೆ ಮುಖ ಅರಳುತ್ತದೆ, ಕಾಗದ ಮಡಿಸಿ ಜೇಬಿಗೆ ಸೇರುತ್ತದೆ. ಅದೇ ಕಾಗದದಲ್ಲಿ ಇನ್ನೊಂದು ಸಾಲಿದೆ, ‘ಟ್ರೈಗ್ಲಿಸರೈಡ್’ ಎಂದು. ಅಲ್ಲಿ ಮುನ್ನೂರಿರಲಿ, ಏಳುನೂರಿರಲಿ, ಓದುವವರಿಲ್ಲ. ನಮ್ಮ ಸೀಮೆಯ ಊಟಕ್ಕೂ ನಮ್ಮ ಕಾಲದ ನಡವಳಿಕೆಗೂ ಹೆಚ್ಚು ಹತ್ತಿರವಾದದ್ದು ಈ ಎರಡನೆಯ ಸಾಲು. ಅದನ್ನು ಓದಲು ಕಲಿಯದೆ ಹೃದಯದ ಭಯವೊಂದನ್ನೇ ಕಟ್ಟಿಕೊಂಡು ತಿರುಗುವುದರಿಂದ ಅಪಾಯವಿದೆ ಎಂಬುದು ನನ್ನ ಅಭಿಪ್ರಾಯ.

ವೈದ್ಯರು ಹೇಳಬೇಕಾದುದನ್ನು ಕನ್ನಡ ಪಂಡಿತನೇಕೆ ಹೇಳುತ್ತಾನೆಂದು ವಾಚಕರು ಕೇಳಬಹುದು. ಕನ್ನಡದಲ್ಲಿ ವೈದ್ಯ ಬರೆಯುವುದು ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಪೂಜ್ಯಪಾದರ ಗ್ರಂಥವನ್ನು ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದದ್ದು ಹನ್ನೆರಡನೆಯ ಶತಮಾನದಲ್ಲಿ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನೇ ವಸ್ತುವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ವನ್ನು ಪದ್ಯದಲ್ಲಿ ಬರೆದನು. ನಮ್ಮ ಹತ್ತಿರದ ಕಾಲಕ್ಕೆ ಬಂದರೆ ಡಾಕ್ಟರ್ ಎಂ. ಶಿವರಾಂ ‘ರಾಶಿ’ಯಾಗಿ ನಗಿಸಿದರು, ಡಾಕ್ಟರ್ ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು ಎಷ್ಟೋ ಮನೆಗಳಿಗೆ ವೈದ್ಯಜ್ಞಾನವನ್ನು ಕನ್ನಡದಲ್ಲಿ ತಲುಪಿಸಿದರು. ರೋಗಿಯ ಬಾಯಿಯಲ್ಲಿ ಆಡುವ ಮಾತು ವೈದ್ಯಕ್ಕೆ ಸಲ್ಲುತ್ತದೆಂದು ಇವರೆಲ್ಲರೂ ನಂಬಿದ್ದರು. ಆದುದರಿಂದ ಮಾತಿನ ಕಡೆಯಿಂದ ಹೊರಡುವುದೇ ನನಗೆ ಸುಲಭ.

‘ಗ್ಲಿಸರಿನ್’ ಎಂಬ ಶಬ್ದದ ಮೂಲದಲ್ಲಿರುವುದು ಗ್ರೀಕ್ ಭಾಷೆಯ ಸಿಹಿ. 1779ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಜ್ಞ ಎಣ್ಣೆಯಿಂದ ಸಿಹಿಯಾದೊಂದು ದ್ರವವನ್ನು ಬೇರ್ಪಡಿಸಿದನು. ಮುಂದೆ ಫ್ರಾನ್ಸಿನ ಷೆವ್ರ್‌ಯೂಲ್ ಎಣ್ಣೆ, ಬೆಣ್ಣೆ, ಪ್ರಾಣಿಗಳ ಕೊಬ್ಬು ಎಲ್ಲವೂ ಈ ಸಿಹಿದ್ರವ ಮತ್ತು ಕೆಲವು ಆಮ್ಲಗಳ ಕೂಟವೆಂದು ತೋರಿಸಿದನು. (ಕೊಬ್ಬಿನ ವಿಚಾರದಲ್ಲಿ ಜೀವಮಾನ ಕಳೆದ ಈ ಮಹಾನುಭಾವ 1786ರಲ್ಲಿ ಹುಟ್ಟಿ 1889ರವರೆಗೆ, ಅಂದರೆ 102 ವರ್ಷ ಬದುಕಿದ್ದನು, ಏನು ತಿನ್ನುತ್ತಿದ್ದನೋ ಕೇಳಬೇಕಾಗಿತ್ತು.) ಒಂದು ಗ್ಲಿಸರಿನ್ನಿಗೆ ಮೂರು ಕೊಬ್ಬಿನ ಆಮ್ಲಗಳು ಜೋತುಬಿದ್ದರೆ ಅದೇ ಟ್ರೈಗ್ಲಿಸರೈಡ್. ಒಗ್ಗರಣೆಯ ಎಣ್ಣೆಯಲ್ಲಿರುವುದೂ ಬಹುಮಟ್ಟಿಗೆ ಇದೇ, ನಮ್ಮ ಹೊಟ್ಟೆಯ ಸುತ್ತ ಕೂಡುವುದೂ ಇದೇ. ದೇಹ ಮುಂದಿನ ಹಸಿವಿಗಾಗಿ ಕಟ್ಟಿಡುವ ಬುತ್ತಿ ಎನ್ನಬಹುದು.

ಈ ಬುತ್ತಿ ನೀರಿನಲ್ಲಿ ಕರಗುವುದಿಲ್ಲ. ರಕ್ತವೋ ನೀರಿನ ವಂಶದ್ದು. ಆದುದರಿಂದ ಇದನ್ನು ಸಾಗಿಸಲು ದೇಹ ವಾಹನಗಳನ್ನು ಮಾಡಿಕೊಂಡಿದೆ. ಆಲೂಗಡ್ಡೆಯ ಕಾಲದಲ್ಲಿ ಹಾಸನದ ಮಾರುಕಟ್ಟೆಯ ಅಂಗಳವನ್ನು ನೋಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಎರಡು ದಿಕ್ಕಿನಿಂದ ಲಾರಿಗಳು ಬರುತ್ತವೆ. ಒಂದು ಸಾಲು ಕರುಳಿನಿಂದ, ಆಗತಾನೆ ತಿಂದ ಎಣ್ಣೆ ಬೆಣ್ಣೆಗಳನ್ನು ಹೊತ್ತದ್ದು. ಇನ್ನೊಂದು ಸಾಲು ಪಿತ್ತಜನಕಾಂಗದಿಂದ; ನಾವು ಬೇಕಾದುದಕ್ಕಿಂತ ಹೆಚ್ಚಾಗಿ ತಿಂದ ಅನ್ನವನ್ನೂ ಸಕ್ಕರೆಯನ್ನೂ ಕುಡಿದ ಮದ್ಯವನ್ನೂ ಕೊಬ್ಬಾಗಿ ಮಾರ್ಪಡಿಸಿ ಅಲ್ಲಿ ತುಂಬಿ ಕಳಿಸಿದ್ದು. ಎರಡು ಸಾಲುಗಳ ಮೂಟೆಗಳನ್ನೂ ಇಳಿಸುವ ಹಮಾಲಿಗಳು ಮಾತ್ರ ಒಂದೇ ಗುಂಪು. ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುವ ಒಂದು ಕಿಣ್ವವೇ ಆ ಗುಂಪು. ಅವರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮೇಸ್ತ್ರಿ ಇನ್ಸುಲಿನ್. ಮಧುಮೇಹ ಹತೋಟಿ ತಪ್ಪಿದವನಲ್ಲಿ ಮೇಸ್ತ್ರಿಯ ಮಾತು ನಡೆಯುವುದಿಲ್ಲ. ಹಮಾಲಿಗಳು ಕೈಕಟ್ಟಿ ಕುಳಿತಿರುತ್ತಾರೆ, ಲಾರಿಗಳು ಮಾತ್ರ ಬರುತ್ತಲೇ ಇರುತ್ತವೆ.

ಲೆಕ್ಕ ಹೀಗಿದೆ. ರಾತ್ರಿ ಉಪವಾಸವಿದ್ದು ಬೆಳಗ್ಗೆ ಕೊಟ್ಟ ರಕ್ತದ ಒಂದು ಡೆಸಿಲೀಟರಿನಲ್ಲಿ 150 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸರಿ. 200ರಿಂದ 499ರವರೆಗೆ ಹೆಚ್ಚು. 500ನ್ನು ಮುಟ್ಟಿದರೆ ಅತಿ ಹೆಚ್ಚು. ಈ 500 ಎಂಬುದು ಯಾರೋ ಸುಮ್ಮನೆ ಎಳೆದ ಗೆರೆಯಲ್ಲ. ಸುಮಾರಾಗಿ ಆ ಹಂತದಲ್ಲಿ ಹಮಾಲಿಗಳ ಕೈ ಪೂರ್ತಿ ಕಟ್ಟಿಹೋಗುತ್ತದೆ. ಅಲ್ಲಿಂದ ಮುಂದೆ ಬಂದ ಲಾರಿ ಇಳಿಯದೆ ನಿಲ್ಲುತ್ತದೆ, ನಿಂತದ್ದರ ಹಿಂದೆ ಮತ್ತೊಂದು ನಿಲ್ಲುತ್ತದೆ. 300ರಿಂದ 500ಕ್ಕೆ ತಿಂಗಳುಗಟ್ಟಲೆ ಹತ್ತಿದ ಸಂಖ್ಯೆ 500ರಿಂದ 2,000ಕ್ಕೆ ಒಂದು ಹಬ್ಬದ ವಾರದಲ್ಲಿ ಜಿಗಿಯುವುದು ಇದರಿಂದಲೇ. 1,000ವನ್ನು ಮೀರಿದವನ ರಕ್ತವನ್ನು ಕೊಳವೆಯಲ್ಲಿ ನಿಲ್ಲಿಸಿಟ್ಟರೆ ಕೆಂಪುಕಣಗಳು ತಳಕ್ಕೆ ಇಳಿದು ಮೇಲಿನ ತಿಳಿ ಹೊನ್ನಬಣ್ಣಕ್ಕೆ ಬದಲಾಗಿ ಹಾಲಿನಂತೆ ಬೆಳ್ಳಗಿರುತ್ತದೆ. ಇನ್ನಷ್ಟು ಹೊತ್ತು ಬಿಟ್ಟರೆ ಅದರ ಮೇಲೆ ಕೆನೆಯೂ ಕಟ್ಟುತ್ತದೆ. ಉತ್ಪ್ರೇಕ್ಷಾಲಂಕಾರದ ಪಾಠಕ್ಕೆ ಉದಾಹರಣೆಯಾಗುವಂತಿದ್ದರೂ ಇದು ಪರೀಕ್ಷಾಲಯದವರು ಕಣ್ಣಾರೆ ಕಾಣುವ ಸಂಗತಿ.

ನನ್ನ ಪರಿಚಿತರೊಬ್ಬರ ವಿಷಯವನ್ನು ಇಲ್ಲಿ ಹೇಳಬೇಕು. ವಯಸ್ಸು ಮೂವತ್ತೆಂಟು, ಬಾಡಿಗೆ ಕಾರು ಓಡಿಸುತ್ತಾರೆ, ತೆಳ್ಳಗಿನ ಆಳು. ಆ ವರ್ಷದ ಭಯದ ದಿನಗಳಲ್ಲಿಯೇ ಒಂದು ರಾತ್ರಿ ಅವರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಹತ್ತಿತು. ಮನೆಯವರಿಗೆ ನೆನಪಾದದ್ದು ಹೃದಯವೊಂದೇ. ಓಡಿದರು, ಇ.ಸಿ.ಜಿ. ತೆಗೆಸಿದರು, ಅದು ಸರಿಯಾಗಿತ್ತು. ಹೃದಯ ಗಟ್ಟಿಯಾಗಿದೆ ಎಂಬ ಸಂತೋಷದಲ್ಲಿ ವಾಯುವಿನ ಮಾತ್ರೆ ನುಂಗಿ ಮನೆಗೆ ಬಂದು ಮಲಗಿದರು. ನೋವು ಮಾತ್ರ ಮಲಗಲಿಲ್ಲ. ಅದು ಬೆನ್ನಿಗೆ ಹಾಯಿತು, ಮುಂದಕ್ಕೆ ಬಾಗಿ ಕುಳಿತರೆ ತುಸು ತಗ್ಗುತ್ತಿತ್ತು, ಅಂಗಾತ ಮಲಗಿದರೆ ತಡೆಯಲಾಗುತ್ತಿರಲಿಲ್ಲ, ವಾಂತಿ ನಿಲ್ಲಲಿಲ್ಲ. ಮರುದಿನ ಸಂಜೆ ಹಾಸನದಲ್ಲಿ ರಕ್ತ ತೆಗೆದಾಗ ಅದು ಹಾಲುಬಣ್ಣಕ್ಕೆ ತಿರುಗಿತ್ತು. ಟ್ರೈಗ್ಲಿಸರೈಡ್ 2,840. ಅದುವರೆಗೆ ಯಾರೂ ಹೇಳದಿದ್ದ ಮಧುಮೇಹವೂ ಜೊತೆಯಲ್ಲಿಯೇ ಹೊರಬಿದ್ದಿತು. ಬಾಯಿಗೆ ಏನೂ ಕೊಡದೆ, ರಕ್ತನಾಳಕ್ಕೆ ದ್ರವವನ್ನೂ ಇನ್ಸುಲಿನ್ನನ್ನೂ ಹರಿಸಿ, ಅಂತೂ ಒಂಬತ್ತು ದಿನಗಳ ಮೇಲೆ ಮನೆಗೆ ಕಳಿಸಿದರು. ಕೆಟ್ಟಿದ್ದು ಹೃದಯವಾಗಿರಲಿಲ್ಲ, ಮೇದೋಜೀರಕ ಗ್ರಂಥಿ.

ಈ ‘ಮೇದೋಜೀರಕ’ ಎಂಬ ಮಾತನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಎರಡು ಅಂಕಗಳಿಗಾಗಿ ಉರುಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮಧ್ಯಾಹ್ನ ಮರೆಯುತ್ತಾರೆ. ಬಿಡಿಸಿ ನೋಡಿದರೆ ಸ್ವಾರಸ್ಯವಾದ ಶಬ್ದ. ಮೇದಸ್ಸೆಂದರೆ ಕೊಬ್ಬು, ಜೀರಕವೆಂದರೆ ಅರಗಿಸುವುದು, ‘ಜೀರ್ಣ’ದ ಧಾತುವೇ ಅದರಲ್ಲಿರುವುದು. ಕೊಬ್ಬನ್ನು ಅರಗಿಸುವ ರಸ ಊರುವುದು ಆ ಗ್ರಂಥಿಯಲ್ಲಿ. ಇನ್ಸುಲಿನ್ ಹುಟ್ಟುವುದೂ ಅದರೊಳಗೇ. ರಕ್ತದಲ್ಲಿ ಕೊಬ್ಬು ಮಿತಿಮೀರಿ ದಟ್ಟೈಸಿದಾಗ ಈ ಅರಗಿಸುವ ರಸ ಕರುಳನ್ನು ಮುಟ್ಟುವ ಮೊದಲೇ, ಗ್ರಂಥಿಯ ಸೂಕ್ಷ್ಮ ನಾಳಗಳಲ್ಲಿಯೇ ಆ ಕೊಬ್ಬನ್ನು ಒಡೆಯತೊಡಗುತ್ತದೆ. ಒಡೆದಾಗ ಬಿಡುಗಡೆಯಾಗುವ ಆಮ್ಲಗಳು ಗ್ರಂಥಿಯ ಜೀವಕೋಶಗಳನ್ನು ಸುಡುತ್ತವೆ. ಸುಟ್ಟ ಕೋಶಗಳಿಂದ ಇನ್ನಷ್ಟು ರಸ ಸೋರುತ್ತದೆ. ಗ್ರಂಥಿ ತನ್ನನ್ನು ತಾನೇ ಅರಗಿಸಿಕೊಳ್ಳಲು ಹತ್ತುತ್ತದೆ. ಭಸ್ಮಾಸುರನ ಕಥೆ ನಮ್ಮ ಹೊಟ್ಟೆಯೊಳಗೇ ನಡೆಯುವುದೆಂದರೆ ಇದು. ಈ ಉರಿಯೂತಕ್ಕೆ ಪಿತ್ತಕೋಶದ ಕಲ್ಲು, ಮದ್ಯ ಇವೆರಡರ ಬಳಿಕ ಬಹು ಮುಖ್ಯವಾದ ಕಾರಣ ಅತಿಯಾದ ಟ್ರೈಗ್ಲಿಸರೈಡೇ. ತೀವ್ರವಾಗಿ ಬಂದರೆ ಮೂತ್ರಪಿಂಡ, ಶ್ವಾಸಕೋಶಗಳು ಸೋಲುತ್ತವೆ. ಜೀವ ಹೋಗುವುದೂ ಉಂಟು. ಎದೆನೋವು ಅಲ್ಲವೆಂದು ಹಿಗ್ಗಿ ಮನೆಗೆ ಬರುವ ಹೊಟ್ಟೆನೋವೆಲ್ಲ ವಾಯುವಲ್ಲ.

ಹೃದಯಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇನ್ನೂರು ಮುನ್ನೂರರ ಆಸುಪಾಸಿನಲ್ಲಿ ವರ್ಷಗಟ್ಟಲೆ ನಿಂತ ಟ್ರೈಗ್ಲಿಸರೈಡ್, ಅರ್ಧ ಇಳಿಸಿ ಬಿಟ್ಟ ಲಾರಿಗಳಂಥ ಕಣಗಳನ್ನು ರಕ್ತನಾಳದ ಗೋಡೆಯಲ್ಲಿ ಹುದುಗಿಸುತ್ತದೆ. ಅದು ನಿಧಾನದ ಕೇಡು. ಅತಿಯಾಗಿ ಏರಿದಾಗ ಮೇದೋಜೀರಕಕ್ಕೆ ಒದಗುವುದು ಒಂದು ರಾತ್ರಿಯ ಕೇಡು.

ಇನ್ನು ಇದು ನಮ್ಮ ಸೀಮೆಗೆ ಹತ್ತಿರವೆಂದು ಹೇಳಿದ ಮಾತಿಗೆ ಆಧಾರ ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ನಾಲ್ಕು ಭಾಗಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದವರು ನೂರಕ್ಕೆ ಸುಮಾರು 14 ಮಂದಿ. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಸುಮಾರು 30 ಮಂದಿ. ಎಂದರೆ ನಾವು ಬೆರಳಿಟ್ಟು ಓದುವ ಸಾಲಿಗಿಂತ ಓದದೆ ಬಿಡುವ ಸಾಲಿನಲ್ಲಿ ತಪ್ಪು ಕಾಣುವ ಸಂಭವ ಇಮ್ಮಡಿ. ಇದಕ್ಕೆ ತುಪ್ಪವೇ ಕಾರಣವೆಂದು ಎಲ್ಲರೂ ತಿಳಿದಿದ್ದಾರೆ. ಮೇಲೆ ಹೇಳಿದ ಪರಿಚಿತರು ಆಸ್ಪತ್ರೆಯಿಂದ ಬಂದ ಮೇಲೆ ತುಪ್ಪವನ್ನು ಬಿಟ್ಟರು, ಕೋಳಿಮೊಟ್ಟೆಯನ್ನು ಬಿಟ್ಟರು, ನೆಂಟರ ಮನೆಯ ಹೋಳಿಗೆಯ ಮೇಲಿನ ತುಪ್ಪವನ್ನು ಒರೆಸಿ ಹೋಳಿಗೆಯನ್ನು ಮಾತ್ರ ತಿಂದರು. ದಿನಕ್ಕೆ ಮೂರು ಹೊತ್ತು ಅನ್ನ, ನಡುವೆ ಶಕ್ತಿಗೆಂದು ಹಣ್ಣಿನ ರಸ. ಮುಂದಿನ ತಿಂಗಳು ಸಂಖ್ಯೆ 900ರಲ್ಲಿ ನಿಂತಿತ್ತು. ಅವರಿಗೆ ಆದ ಆಶ್ಚರ್ಯ ನಮ್ಮೆಲ್ಲರದೂ ಹೌದು. ಕೊಬ್ಬು ತಿನ್ನದವನ ರಕ್ತದಲ್ಲಿ ಕೊಬ್ಬೆಲ್ಲಿಂದ? ಪಿತ್ತಜನಕಾಂಗದ ಲಾರಿಗಳನ್ನು ನೆನೆದರೆ ಉತ್ತರ ಅಲ್ಲಿಯೇ ಇದೆ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾಲೆಯ ನೀರು ಬಂದ ಕಡೆ ಗದ್ದೆಯಾಯಿತು, ಕಬ್ಬಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಹಾಸನದ ಆಲೂಗಡ್ಡೆ ಹೆಸರಾದದ್ದು. ಅರಕಲಗೂಡಿನ ಕಡೆಗೆ ಹೋದರೆ ಹೊಗೆಸೊಪ್ಪಿನ ಬೇಸಾಯ. ಬೆಳೆಯುವವನು ಬೆಳೆದದ್ದನ್ನೆಲ್ಲ ತಾನೇ ತಿನ್ನುತ್ತಾನೆಂದಲ್ಲ, ಬೆಳೆಯನ್ನು ದೂರುವುದೂ ನನ್ನ ಉದ್ದೇಶವಲ್ಲ. ನೀರು ಬಂದದ್ದು ಭಾಗ್ಯವೇ. ಆದರೆ ಹಿಂದೆ ಹಬ್ಬಕ್ಕೆ ಮಾತ್ರ ಬೇಯುತ್ತಿದ್ದ ಬಿಳಿಯನ್ನ ನಿತ್ಯದ ಊಟವಾಯಿತು, ಹೊಲದ ದುಡಿಮೆಯನ್ನು ಯಂತ್ರ ಹಂಚಿಕೊಂಡಿತು, ತಟ್ಟೆಯ ಅಳತೆ ಮಾತ್ರ ಹಿಂದಿನ ದುಡಿಮೆಯ ಕಾಲದ್ದೇ ಉಳಿಯಿತು. ರಾಗಿಮುದ್ದೆಯ ವಿಷಯದಲ್ಲಿ ನಾನು ಹೇಳುವುದು ನಮ್ಮ ಕಡೆಯ ಅನೇಕರಿಗೆ ರುಚಿಸಲಾರದು. ರಾಗಿ ಅಕ್ಕಿಗಿಂತ ಒಳ್ಳೆಯದೆಂಬುದು ನಿಜ. ಅದರಲ್ಲಿ ನಾರಿದೆ, ಸುಣ್ಣದ ಅಂಶವಿದೆ. ಹಾಗೆಂದು ಮುದ್ದೆಗೆ ಲೆಕ್ಕವೇ ಇಲ್ಲವೆಂದು ತಿಳಿಯುವುದು ಸರಿಯಲ್ಲ. ರಾಗಿಯ ತೂಕದಲ್ಲಿ ನೂರಕ್ಕೆ ಎಪ್ಪತ್ತು ಪಾಲಿನಷ್ಟು ಪಿಷ್ಟವೇ. ನೇಗಿಲು ಹಿಡಿದವನಿಗೆ ಎರಡು ಮುದ್ದೆ ಸಲ್ಲುತ್ತಿತ್ತು. ಎಂಟು ಗಂಟೆ ಕಾರಿನ ಚಕ್ರ ಹಿಡಿದು ಕುಳಿತವನಿಗೂ, ನನ್ನಂತೆ ಸೀಮೆಸುಣ್ಣ ಹಿಡಿದು ನಿಂತವನಿಗೂ ಸಲ್ಲುವುದಿಲ್ಲ. ಒಂದು ಸಣ್ಣ ಮುದ್ದೆಗೆ ಎರಡರಷ್ಟು ಬಸ್ಸಾರಿನ ಸೊಪ್ಪು, ಹುರುಳಿ, ಅವರೆಕಾಳು ಎಂಬ ಹಳೆಯ ಊಟದ ಕ್ರಮದಲ್ಲಿ ಅರ್ಥವಿತ್ತು. ನಾವು ಮುದ್ದೆಯನ್ನು ಉಳಿಸಿಕೊಂಡು ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳಿದ್ದೇವೆ. ಸಕ್ಕರೆಯನ್ನು ಬಿಟ್ಟು ಬೆಲ್ಲಕ್ಕೆ ಬಂದೆನೆಂದು ಹೇಳುವವರೂ ಹಣ್ಣನ್ನು ಬಿಟ್ಟು ರಸಕ್ಕೆ ಬಂದವರೂ ಪಿತ್ತಜನಕಾಂಗಕ್ಕೆ ಹೆಚ್ಚು ಬಿಡುವು ಕೊಟ್ಟಂತಾಗಲಿಲ್ಲ.

ಮದ್ಯದ ಮಾತನ್ನು ಮರೆಮಾಚಿ ಬರೆಯುವುದು ಸಭ್ಯತೆಯೆನಿಸಬಹುದು, ಉಪಯೋಗವಾಗದು. ಟ್ರೈಗ್ಲಿಸರೈಡ್ ಹೆಚ್ಚಿದವನಲ್ಲಿ ಮದ್ಯ ಎರಡು ಕಡೆಯಿಂದಲೂ ಕೆಲಸ ಮಾಡುತ್ತದೆ: ಪಿತ್ತಜನಕಾಂಗದಲ್ಲಿ ಕೊಬ್ಬನ್ನು ತಯಾರಿಸುತ್ತದೆ, ಮೇದೋಜೀರಕವನ್ನು ನೇರವಾಗಿಯೂ ಕೆಡಿಸುತ್ತದೆ. 500ನ್ನು ದಾಟಿದವನಿಗೆ ‘ಅಳತೆಯಲ್ಲಿ ಕುಡಿದರೆ ಏನಾಗದು’ ಎಂಬ ಸಮಾಧಾನ ಅನ್ವಯಿಸುವುದಿಲ್ಲ, ಪೂರ್ತಿ ಬಿಡಬೇಕು. ಭಾನುವಾರದ ಬಾಡೂಟವೂ ಶೀಷೆಯೂ ಕೂಡಿದ ದಿನದ ಮರುದಿನವೇ ಈ ನೋವು ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಎಲ್ಲವನ್ನೂ ಬಾಯಿಚಪಲದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಇಲ್ಲಿ ನಮ್ಮ ಭಾಷೆಯೇ ಒಂದು ತೊಡಕನ್ನು ಒಡ್ಡಿದೆ. ಹಳಗನ್ನಡ ಕಾವ್ಯಗಳ ರಣರಂಗದಲ್ಲಿ ಬರುವ ‘ನೆಣ’ ಎಂಬ ಶಬ್ದ ಈಗ ಹೆಚ್ಚಿನವರ ಬಾಯಲ್ಲಿಲ್ಲ. ಉಳಿದದ್ದು ‘ಕೊಬ್ಬು’. ‘ಅವನಿಗೆ ಕೊಬ್ಬು ಹೆಚ್ಚಾಗಿದೆ’ ಎಂದರೆ ನಮ್ಮ ಊರಿನಲ್ಲಿ ಯಾರೂ ಅದನ್ನು ರಕ್ತಪರೀಕ್ಷೆಯ ವರದಿಯೆಂದು ತಿಳಿಯುವುದಿಲ್ಲ, ಬೈಗುಳವೆಂದೇ ತಿಳಿಯುತ್ತಾರೆ. ಚರಕಸಂಹಿತೆಯೂ ಅತಿಸ್ಥೂಲನನ್ನು ನಿಂದಿತರ ಪಟ್ಟಿಯಲ್ಲಿಯೇ ಸೇರಿಸಿತು. ನ್ಯಾಯಕ್ಕೆ ಅತಿಕೃಶನನ್ನೂ ಸೇರಿಸಿತೆನ್ನಿ. ಹೀಗಾಗಿ ರಕ್ತದಲ್ಲಿ ಕೊಬ್ಬಿದೆಯೆಂದು ಕೇಳಿದವನು ನಾಚಿಕೊಂಡು ಕಾಗದವನ್ನು ಬಚ್ಚಿಡುತ್ತಾನೆ. ತೆಳ್ಳಗಿರುವವನು ಅದು ತನಗೆ ಸಂಬಂಧಿಸಿದ್ದೇ ಅಲ್ಲವೆಂದು ನಂಬುತ್ತಾನೆ. ಎರಡೂ ತಪ್ಪು ತಿಳಿವಳಿಕೆ. ಹಮಾಲಿಗಳೇ ಹುಟ್ಟಿನಿಂದ ಕಡಿಮೆ ಇರುವ ವಂಶಗಳಿವೆ. ಆ ಕಿಣ್ವ ಪೂರ್ತಿ ನಿಷ್ಫಲವಾದ ರೋಗವೊಂದನ್ನು 1932ರಲ್ಲಿ ಬರ್ಗರ್ ಮತ್ತು ಗ್ರೂಟ್ಸ್ ಎಂಬ ಜರ್ಮನ್ ವೈದ್ಯರು ಒಬ್ಬ ಹುಡುಗನಲ್ಲಿ ವರ್ಣಿಸಿದರು. ಅದು ಹತ್ತು ಲಕ್ಷಕ್ಕೊಬ್ಬರಲ್ಲಿ ಕಾಣುವಷ್ಟು ವಿರಳ. ಅದಕ್ಕಿಂತ ಸೌಮ್ಯವಾದ ಜನ್ಮದೋಷಗಳು ವಿರಳವಲ್ಲ. ಅವು ಸುಮ್ಮನಿದ್ದು, ಮಧುಮೇಹವೋ ಮದ್ಯವೋ ಥೈರಾಯ್ಡಿನ ಕೊರತೆಯೋ ಮೂತ್ರಪಿಂಡದ ರೋಗವೋ ಜೊತೆಗೂಡಿದಾಗ ಎದ್ದುನಿಲ್ಲುತ್ತವೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಈ ಸಂಖ್ಯೆ ತಾನಾಗಿಯೇ ಏರುವುದುಂಟು. ಸ್ಟೀರಾಯ್ಡ್, ಈಸ್ಟ್ರೊಜೆನ್ ಮೊದಲಾದ ಕೆಲವು ಔಷಧಿಗಳೂ ಏರಿಸುತ್ತವೆ. ಆದುದರಿಂದ ಸಂಖ್ಯೆಯನ್ನು ಕಂಡೊಡನೆ ಮಾಡತಕ್ಕದ್ದು ದೂಷಣೆಯಲ್ಲ, ಕಾರಣದ ಶೋಧನೆ. ಸಕ್ಕರೆಯ ಪರೀಕ್ಷೆ, ಥೈರಾಯ್ಡಿನ ಪರೀಕ್ಷೆ, ಮೂತ್ರದ ಪರೀಕ್ಷೆ, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಒಡಹುಟ್ಟಿದವರ ರಕ್ತ. ಮೊಣಕೈ, ಬೆನ್ನು, ಪೃಷ್ಠಗಳ ಮೇಲೆ ಸಾಸಿವೆಯಷ್ಟು ಹಳದಿ ಗುಳ್ಳೆಗಳು ಗುಂಪಾಗಿ ಎದ್ದರೆ ಅದೂ ಈ ರೋಗದ ಗುರುತೇ. ಚರ್ಮದ ಮುಲಾಮು ಹಚ್ಚುತ್ತ ಕೂರುವುದಲ್ಲ.

ಇಷ್ಟು ತಿಳಿದರೆ ಉಪಾಯ ಗೊಂದಲದ್ದಲ್ಲ. 1,000ದೊಳಗಿರುವವನಿಗೆ ಸಕ್ಕರೆ, ಮೈದಾ, ಬಿಳಿಯನ್ನದ ರಾಶಿ, ಮದ್ಯ ಇವುಗಳ ನಿಯಂತ್ರಣವೇ ಮುಖ್ಯ. ಮೈತೂಕ ಹೆಚ್ಚಿದ್ದವನು ಅದರಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲನ್ನು ಇಳಿಸಿದರೆ ಟ್ರೈಗ್ಲಿಸರೈಡ್ ಸುಮಾರು ಐದನೆಯ ಒಂದು ಭಾಗ ತಾನೇ ಇಳಿಯುತ್ತದೆ. ದಿನವೂ ಅರ್ಧ ಗಂಟೆಯ ಬಿರುಸಿನ ನಡಿಗೆ ಹಮಾಲಿಗಳಿಗೆ ಚುರುಕು ಕೊಡುತ್ತದೆ. 1,000ವನ್ನು ಮೀರಿದಾಗ ಮಾತ್ರ ತುಪ್ಪದ ಮೇಲಿನ ಅಪವಾದ ನಿಜವಾಗುತ್ತದೆ, ತುಪ್ಪದ ಮೇಲಷ್ಟೇ ಅಲ್ಲ, ಎಲ್ಲ ಎಣ್ಣೆಗಳ ಮೇಲೂ. ಕಡಲೆಕಾಯಿ ಎಣ್ಣೆಯಾದರೂ ಗಾಣದ ಕೊಬ್ಬರಿ ಎಣ್ಣೆಯಾದರೂ ಆಗ ಒಂದೇ. ಇಡೀ ದಿನದ ಕೊಬ್ಬು 20ರಿಂದ 30 ಗ್ರಾಮಿಗೆ ನಿಲ್ಲಬೇಕು, ಅಡುಗೆಯ ಎರಡು ದೊಡ್ಡ ಚಮಚ ಎಣ್ಣೆಗೇ ಅದು ತೀರಿಹೋಗುತ್ತದೆ. ಇಷ್ಟು ಬಿಗಿಯಾದ ಪಥ್ಯವನ್ನು ವೈದ್ಯರ ಕಣ್ಣೆದುರಿನಲ್ಲಿಯೇ ಮಾಡಬೇಕು. ಫೀನೋಫೈಬ್ರೇಟ್ ಎಂಬ ಔಷಧಿಯನ್ನೂ, ಮೀನೆಣ್ಣೆಯಿಂದ ತೆಗೆದ ಒಮೆಗಾ-3 ಆಮ್ಲಗಳನ್ನು ದೊಡ್ಡ ಪ್ರಮಾಣದಲ್ಲಿಯೂ ಕೊಡುವುದುಂಟು. ಹೃದಯದ ರಕ್ಷಣೆಗೆ ಸ್ಟ್ಯಾಟಿನ್ ಬೇರೆ. ಮಧುಮೇಹವಿದ್ದವನಿಗೆ ಸಕ್ಕರೆಯ ಹತೋಟಿಯೇ ಅರ್ಧ ಚಿಕಿತ್ಸೆ. ಜನ್ಮದೋಷದ ಆ ವಿರಳ ರೋಗಕ್ಕೂ ಓಲೆಜಾರ್ಸೆನ್ ಎಂಬ ಚುಚ್ಚುಮದ್ದಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನಮ್ಮ ಬೀದಿಯಲ್ಲಿ ‘ರಕ್ತ ಶುದ್ಧಿ’ಯೆಂದು ಮಾರುವ ಕಷಾಯಗಳಿಗೆ ಇಲ್ಲಿ ಸ್ಥಾನವಿದೆಯೆಂದು ನನಗೆ ತೋರುವುದಿಲ್ಲ, ಅವುಗಳಿಂದ ಆಗುವ ದೊಡ್ಡ ನಷ್ಟ ದುಡ್ಡಲ್ಲ, ಎರಡು ತಿಂಗಳ ಕಾಲ.

ಪಥ್ಯಕ್ಕೆ ಎದುರಾಗಿ ನಿಲ್ಲುವುದು ನಾಲಗೆಗಿಂತಲೂ ನಮ್ಮ ಉಪಚಾರ. ಬೀಗರ ಊಟದಲ್ಲಿ ‘ಇನ್ನೊಂದು, ಇನ್ನೊಂದೇ ಒಂದು’ ಎಂದು ಎಲೆಯ ಮೇಲೆ ಬಾಗುವ ಕೈಯನ್ನು ತಡೆಯುವುದು ಸುಲಭವಲ್ಲ, ತಡೆದವನು ಗರ್ವಿಷ್ಠನೆನಿಸಿಕೊಳ್ಳುತ್ತಾನೆ. ಬಡಿಸುವುದರಲ್ಲಿ ಪ್ರೀತಿಯನ್ನು ಅಳೆಯುವ ಸಂಪ್ರದಾಯ ಬಡತನದ ಕಾಲದಲ್ಲಿ ಹುಟ್ಟಿದ್ದು, ಆ ಕಾಲಕ್ಕೆ ಉದಾರವಾದದ್ದು. ಈಗ ಅದನ್ನು ನಡಸುವ ಹೆಂಗಸರೂ ಗಂಡಸರೂ ಒಮ್ಮೆ ‘ಬೇಡ’ ಎಂದವನನ್ನು ನಂಬುವುದನ್ನು ಕಲಿತರೆ ಸಾಕು. ನನ್ನ ಪರಿಚಿತರು ಈಗ ಮದುವೆಮನೆಗೆ ಊಟ ಮುಗಿದ ಮೇಲೆ ಹೋಗುತ್ತಾರೆ. ಅವರ ಸಂಖ್ಯೆ ಈಗ 260. ಗುಣವಾಯಿತೆಂದು ಅವರು ಹೇಳುವುದಿಲ್ಲ, ಇಳಿದಿದೆ ಎನ್ನುತ್ತಾರೆ. ಅವರ ಶಬ್ದಪ್ರಯೋಗ ನನಗೆ ಮೆಚ್ಚಿಗೆ.

ಅಧ್ಯಾಪಕರಾದ ನಾವೇನು ಮಾಡಬಹುದು? ಹಾಸನದ ಸಾವುಗಳ ತರುವಾಯ ಶಾಲೆಯ ಮಕ್ಕಳ ತಪಾಸಣೆಯ ಮಾತೂ ಬಂದಿದೆ. ತಪಾಸಣೆ ನಡೆಯಲಿ. ಜೊತೆಗೆ, ಪಿ.ಯು.ಸಿ. ಮುಟ್ಟಿದ ಹುಡುಗ ಹುಡುಗಿಯರಿಗೆ ರಕ್ತಪರೀಕ್ಷೆಯ ಒಂದು ಹಾಳೆಯನ್ನು ಕೊಟ್ಟು ಒಂದು ಗಂಟೆ ಓದಿಸಿದರೆ ಕನ್ನಡದ ತರಗತಿಗೆ ಕುಂದಾಗದು. ಮನೆಯಲ್ಲಿ ತಂದೆತಾಯಿಗಳ ಹಾಳೆಯನ್ನು ಓದಿ ಹೇಳುವವರು ಅವರೇ ಅಲ್ಲವೆ? ಟ್ರೈಗ್ಲಿಸರೈಡಿಗೆ ಅಚ್ಚಗನ್ನಡದ ಶಬ್ದ ಟಂಕಿಸುವ ಆತುರ ನನಗಿಲ್ಲ. ಬಸ್ಸೂ ರೈಲೂ ಬಂದಂತೆ ಅದೂ ಬಂದಿರಲಿ. ಶಬ್ದ ಬೇಕಾದದ್ದು ಅದರ ಪಕ್ಕದಲ್ಲಿ. ಈಗ ಪರೀಕ್ಷಾಲಯದ ಹಾಳೆಗಳು ಒಂದು ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿ, ಇಂಗ್ಲಿಷಿನಲ್ಲಿ ‘ಹೈ’ ಎಂಬುದರ ಮೊದಲಕ್ಷರವನ್ನು ಎದುರಿಗೆ ಹಾಕಿ ಕೈತೊಳೆದುಕೊಳ್ಳುತ್ತವೆ. 500ನ್ನು ದಾಟಿದ ಹಾಳೆಗಳಲ್ಲಿಯಾದರೂ ಕೆಳಗೆ ಕನ್ನಡದಲ್ಲಿ ಎರಡು ವಾಕ್ಯ ಅಚ್ಚಾಗಬೇಕು: ‘ಈ ಸಂಖ್ಯೆ ಅತಿ ಹೆಚ್ಚಾಗಿದೆ, ಮದ್ಯವನ್ನೂ ಸಿಹಿಯನ್ನೂ ಇಂದೇ ನಿಲ್ಲಿಸಿ, ಈ ವಾರದಲ್ಲಿಯೇ ವೈದ್ಯರನ್ನು ಕಾಣಿ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವೂ ವಾಂತಿಯೂ ಬಂದರೆ, ಇ.ಸಿ.ಜಿ. ಸರಿಯಾಗಿದ್ದರೂ ಮನೆಗೆ ಹೋಗದೆ, ಈ ಹಾಳೆಯನ್ನು ಆಸ್ಪತ್ರೆಯಲ್ಲಿ ತೋರಿಸಿ.’ ಇದಕ್ಕೆ ಖರ್ಚಾಗುವುದು ಒಂದಿಷ್ಟು ಮಸಿ.